ಐವರ ದುಡಿಮೆ, ಒಬ್ಬನ ಖಾತೆ

ಟ್ಯಾಂಕ್ ಯುದ್ಧದ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ಮೈಕೆಲ್ ವಿಟ್‌ಮನ್ ಹೆಸರು ತೆಗೆದೇ ತೆಗೆಯುತ್ತಾರೆ. ಹಿಂದೆಯೇ ಒಂದು ಅಂಕಿ: 138. ಈ ಜರ್ಮನ್ ಕಮಾಂಡರ್ ಉಡಾಯಿಸಿದನೆನ್ನುವ ಟ್ಯಾಂಕುಗಳ ಲೆಕ್ಕ ಅದು, ಬಹುಪಾಲು ರಷ್ಯನ್ನರವು. ಜರ್ಮನ್ ಗುಪ್ತಚರ ವಿಭಾಗವೇ ಪೂರ್ವರಂಗದ ಇಂಥ ವರದಿಗಳಲ್ಲಿ ಅರ್ಧದಷ್ಟನ್ನು ಕಳೆದು ಓದುತ್ತಿತ್ತು. ನಮ್ಮ ಅಭಿಮಾನಿಗಳಿಗೆ ಮಾತ್ರ ಒಂದೂ ಕಮ್ಮಿಯಾಗಕೂಡದು.

ಲೆಕ್ಕ ಸರಿಯೆಂದೇ ಇಟ್ಟುಕೊಳ್ಳೋಣ. ಅವನ ಟೈಗರ್ ಟ್ಯಾಂಕಿನ ಹೊಟ್ಟೆಯೊಳಗೆ ಐದು ಜನ. ಓಡಿಸುವವನೊಬ್ಬ, ರೇಡಿಯೊ ಹಿಡಿದವನೊಬ್ಬ, 88 ಮಿಲಿಮೀಟರ್ ತೋಪಿಗೆ ಗುಂಡು ತುಂಬುವವನೊಬ್ಬ, ಗುರಿಯಿಟ್ಟು ಹೊಡೆಯುವವನೊಬ್ಬ. ಕಮಾಂಡರ್ ಮೇಲೆ ಕೂತು ಶತ್ರು ಎಲ್ಲಿದ್ದಾನೆಂದು ತೋರಿಸುತ್ತಾನೆ. ಸಣ್ಣ ಕೆಲಸವೇನಲ್ಲ, ಮೊದಲು ಕಂಡವನು ಬದುಕುವ ಆಟ ಅದು. ಆದರೆ ವಿಟ್‌ಮನ್ ತೋರಿಸಿದ್ದನ್ನು ಹೊಡೆದವನು ಎಷ್ಟೋ ಸಲ ಬಾಲ್ತಾಸರ್ ವೋಲ್. ಅವನಿಗೂ ನೈಟ್ಸ್ ಕ್ರಾಸ್ ಪದಕ ಬಂತು, ನಿಜ, ಹೆಸರು ಕೇಳಿದವರೆಷ್ಟು? ವಿರಾಟನ ಊರಲ್ಲಿ ಕಾದಿದ್ದು ಬೃಹನ್ನಳೆ, ಆರತಿ ಎತ್ತಿದ್ದು ಉತ್ತರನಿಗೆ. ವಿಟ್‌ಮನ್ ಉತ್ತರನಷ್ಟು ಪುಕ್ಕಲನಲ್ಲ ಬಿಡಿ.

1944ರ ಜೂನ್ 13ರಂದು ನಾರ್ಮಂಡಿಯ ವಿಲೆರ್-ಬೊಕಾಜ್‌ನಲ್ಲಿ ರಸ್ತೆ ಬದಿ ನಿಂತು ಚಹಾ ಕುಡಿಯುತ್ತಿದ್ದ ಬ್ರಿಟಿಷ್ ತುಕಡಿಯ ಮೇಲೆ ಎರಗಿದ. ಕಾಲು ಗಂಟೆಯಲ್ಲಿ ಹನ್ನೆರಡಕ್ಕೂ ಹೆಚ್ಚು ಟ್ಯಾಂಕು, ಸಾಲುಸಾಲು ವಾಹನ ಭಸ್ಮ. ಆಮೇಲೆ ಅವನ ಟೈಗರ್ ಊರೊಳಗೇ ಏಟು ತಿಂದು ನಿಂತಿತು, ಅವನು ಕಾಲ್ನಡಿಗೆಯಲ್ಲಿ ಜಾಗ ಖಾಲಿ ಮಾಡಿದ. ಮಧ್ಯಾಹ್ನ ಅದೇ ಬೀದಿಗಳಲ್ಲಿ ಜರ್ಮನ್ನರ ಟೈಗರುಗಳೂ ಸುಟ್ಟವು. ಆ ಸುದ್ದಿ ಪ್ರಚಾರ ಖಾತೆಗೆ ಬೇಕಿರಲಿಲ್ಲ. ಬೇರೆಯವರು ಕೆಡವಿದ್ದನ್ನೂ ಇವನ ಲೆಕ್ಕಕ್ಕೆ ಸೇರಿಸಿತು. ಎಸ್‌ಎಸ್ ಎಂಬ ನಾಜಿ ಪಡೆಯ ಸಮವಸ್ತ್ರದ ರೂಪವಂತ ಹೀರೊ ಹಿಟ್ಲರನ ಸರ್ಕಾರಕ್ಕೆ ಬೇಕಾಗಿದ್ದ. ಈಗಲೂ ಅವನ ಚಿತ್ರವನ್ನು ಗೋಡೆಗೆ ಅಂಟಿಸಿಕೊಳ್ಳುವವರು ಆ ಸಮವಸ್ತ್ರದ ಕಡೆ ಕಣ್ಣು ಹಾಯಿಸುವುದಿಲ್ಲ.

ಆಗಸ್ಟ್ 8ರಂದು ಸಂತ್-ಎನ್ಯಾನ್ ಬಳಿಯ ಬಟ್ಟಬಯಲಲ್ಲಿ, ಪಕ್ಕದ ಮರದ ತೋಪುಗಳಲ್ಲಿ ಯಾರಿದ್ದಾರೆಂದು ಸರಿಯಾಗಿ ನೋಡದೆ ಟೈಗರುಗಳನ್ನು ಮುಂದಕ್ಕೆ ನಡೆಸಿದ. ಕಂಡವನೇ ಬದುಕುವ ಆಟದಲ್ಲಿ ಅವನಿಗೆ ಏನೂ ಕಾಣಲಿಲ್ಲ. ಮರಗಳ ಮರೆಯ ಬ್ರಿಟಿಷ್ ಫೈರ್‌ಫ್ಲೈ ಟ್ಯಾಂಕಿನಿಂದ ಜೋ ಎಕಿನ್ಸ್ ಮೂರು ಟೈಗರುಗಳನ್ನು ಕೆಡವಿದ. ಎಕಿನ್ಸ್ ಕಮಾಂಡರ್ ಅಲ್ಲ, ಗುರಿಕಾರ. ಯುದ್ಧ ಮುಗಿದ ಮೇಲೆ ಶೂ ಕಾರ್ಖಾನೆಯ ಕೆಲಸಗಾರ. ಆ ಮೂರರಲ್ಲಿ ವಿಟ್‌ಮನ್‌ನದೂ ಒಂದೆಂದು ಹಲವರು ಒಪ್ಪುತ್ತಾರೆ. ಕೆನಡಾದವರು ಮಾತ್ರ, ಅವನನ್ನು ಹೊಡೆದದ್ದು ತಮ್ಮ ಶೆರ್‌ಬ್ರುಕ್ ಫ್ಯುಸಿಲಿಯರ್ಸ್ ಪಡೆ ಎಂದು ಇನ್ನೂ ಪಟ್ಟು ಹಿಡಿದಿದ್ದಾರೆ.