ಹಗುರ ಲೋಹದ ಭಾರ

ಕನ್ನಡದಲ್ಲಿ ‘ಹಗುರ’ ಎಂಬ ಶಬ್ದಕ್ಕೆ ಹೆಚ್ಚಿನ ಮರ್ಯಾದೆಯಿಲ್ಲ. ಗೌರವಸ್ಥನಾದವನು ತೂಕದ ಮನುಷ್ಯ. ಆತನ ಮಾತಿಗೂ ತೂಕವುಂಟು. ಹಗುರವಾಗಿ ನಡೆದುಕೊಳ್ಳುವವನನ್ನು ಯಾರೂ ಮಣೆ ಹಾಕಿ ಕೂರಿಸುವುದಿಲ್ಲ. ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಈ ನ್ಯಾಯ ವಾಹನಗಳಿಗೂ ಅನ್ವಯಿಸುತ್ತದೆ. ಅಂಗಳಕ್ಕೆ ಹೊಸ ಕಾರು ಬಂದಿತೆಂದರೆ ಮನೆಯ ಹಿರಿಯರು ಮೊದಲು ಅದರ ಬಾಗಿಲನ್ನು ಬೆರಳಗಂಟಿನಿಂದ ಬಡಿದು ನೋಡುತ್ತಾರೆ. ಸದ್ದು ಗಂಭೀರವಾಗಿದ್ದರೆ ತೃಪ್ತಿ. ಇಲ್ಲವಾದರೆ, “ಇದು ಬರೀ ತಗಡು” ಎಂಬ ತೀರ್ಪು.

ಈ ತೀರ್ಪು ಅನುಭವದಿಂದ ಹುಟ್ಟಿದ್ದು. ಗುತ್ತಿಗಾರು, ಪಂಜ, ಸುಬ್ರಹ್ಮಣ್ಯದ ಕಡೆಯ ಮಣ್ಣುದಾರಿಗಳಲ್ಲಿ ಮಳೆಗಾಲದ ಕೆಸರನ್ನು ಮೆಟ್ಟಿ, ಒಳಗೆ ಹಿಡಿಯುವುದಕ್ಕಿಂತ ಹೆಚ್ಚು ಜನರನ್ನು ಹೊತ್ತು ಸಾಗಿದ್ದು ಉಕ್ಕಿನ ಮೈಯ ಜೀಪು. ಅದನ್ನು ಕಂಡ ಕಣ್ಣಿಗೆ ಹಗುರವಾದುದೆಲ್ಲ ಬಡಕಲಾಗಿ ತೋರುವುದು ಸಹಜವೇ. ಆದರೆ ಭಾರಕ್ಕೂ ಬೆಲೆಯುಂಟು. ಸಂಪಾಜೆಯಿಂದ ಮಡಿಕೇರಿಗೆ ಏರುವ ಕಾರು ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ತನ್ನನ್ನು ತಾನೇ ಎತ್ತಿಕೊಳ್ಳಬೇಕು. ಒಂದು ಟನ್ನಿನ ಕಾರಿನಲ್ಲಿ ನಾಲ್ವರು ಕುಳಿತರೆ ಎಂಜಿನು ಹೊರುವ ಹೊರೆಯಲ್ಲಿ ಐದರಲ್ಲಿ ನಾಲ್ಕು ಪಾಲು ಕಾರಿನದೇ. ಎಣ್ಣೆಯ ದುಡ್ಡಿನ ಬಹುಪಾಲು ಪ್ರಯಾಣಿಕರಿಗಾಗಿಯಲ್ಲ, ಕಬ್ಬಿಣಕ್ಕಾಗಿ ಉರಿಯುತ್ತದೆ ಎಂದರೆ ತಪ್ಪಾಗಲಾರದು.

ಆದುದರಿಂದಲೇ ವಾಹನ ತಯಾರಕರ ಕಣ್ಣು ಮೆಗ್ನೀಸಿಯಂ ಲೋಹದ ಮೇಲೆ ಬಿದ್ದಿದೆ. ಒಂದು ಲೀಟರ್ ನೀರಿನಷ್ಟು ಗಾತ್ರದ ಉಕ್ಕು 7.8 ಕಿಲೋ ತೂಗಿದರೆ, ಅಲ್ಯೂಮಿನಿಯಂ 2.7 ಕಿಲೋ, ಮೆಗ್ನೀಸಿಯಂ 1.7 ಕಿಲೋ ಮಾತ್ರ. 1808ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿ ಬೇರ್ಪಡಿಸಿದ ಈ ಧಾತು ಅಡಿಕೆ ಕೃಷಿಕರಿಗೆ ಅಪರಿಚಿತವೇನಲ್ಲ. ಹುಳಿಮಣ್ಣನ್ನು ಸರಿಪಡಿಸಲು ತೋಟಕ್ಕೆ ಎರಚುವ ಡೋಲೋಮೈಟ್ ಪುಡಿಯಲ್ಲಿ ಅದು ಅಡಗಿದೆ. ಸೋಗೆಯ ಹಸಿರಿನ ಹೃದಯದಲ್ಲಿಯೂ ಅದೇ ಕುಳಿತಿದೆ. ಡೋಲೋಮೈಟನ್ನು ಸುಟ್ಟು, ಸಿಲಿಕಾನ್ ಬೆರೆತ ಕಬ್ಬಿಣದೊಡನೆ ನಿರ್ವಾತದಲ್ಲಿ ಸುಮಾರು 1,200 ಡಿಗ್ರಿಗೆ ಕಾಯಿಸಿದರೆ ಲೋಹ ಆವಿಯಾಗಿ ಹೊರಬರುತ್ತದೆ. ಇದಕ್ಕೆ ಉರಿಯುವ ಕಲ್ಲಿದ್ದಲು ಅಷ್ಟಿಷ್ಟಲ್ಲ. ಹಗುರ ಲೋಹದ ಹುಟ್ಟು ಹಗುರವಲ್ಲ! ಇಂದು ಜಗತ್ತಿನ ಮೆಗ್ನೀಸಿಯಂ ಲೋಹದ ಬಹುಭಾಗ ಚೀನಾದೇಶದಲ್ಲಿ ತಯಾರಾಗುತ್ತದೆ.

ಈ ಲೋಹದ ಹೆಸರು ಮಾತ್ರ ಊರಿಗೆ ಎಂದೋ ಬಂದಿದೆ. ಮಗನ ಹೊಸ ಬೈಕನ್ನು ತೋರಿಸಲು ಗ್ಯಾರೇಜಿಗೆ ಬಂದ ಸುಳ್ಯದ ಗೌಡರಿಗೂ ಮೆಕ್ಯಾನಿಕ್‌ಗೂ ಇಂಥ ಸಂಭಾಷಣೆ ನಡೆಯುವುದುಂಟು:

“ಇದು ಮ್ಯಾಗ್ ವೀಲಂತೆ ಮಾರಾಯ, ಗಟ್ಟಿ ಉಂಟಾ?”

“ಮ್ಯಾಗ್ ಹೆಸರು ಮಾತ್ರ ಗೌಡ್ರೇ. ಒಳಗೆ ಇರುವುದು ಅಲ್ಯೂಮಿನಿಯಂ.”

“ಹಾಗಾದರೆ ಆ ಹೆಸರು ಎಂತಕ್ಕೆ?”

ಮೆಕ್ಯಾನಿಕ್ ಹೇಳಿದ್ದು ನಿಜ. ಪಂದ್ಯದ ಕಾರುಗಳಿಗೆ ಹಿಂದೆ ಮೆಗ್ನೀಸಿಯಂ ಚಕ್ರಗಳನ್ನು ಎರಕ ಹೊಯ್ಯುತ್ತಿದ್ದರು. ಲೋಹ ಬದಲಾದ ತರುವಾಯವೂ ಹೆಸರು ಉಳಿಯಿತು. ಹೀಗೆ ಎರಕ ಹೊಯ್ದ ಚಕ್ರ ಕಡ್ಡಿಯ ಚಕ್ರಕ್ಕಿಂತ ಹಗುರವೇ ಆಗಿರಬೇಕೆಂಬ ನಿಯಮವೂ ಇಲ್ಲ. ಕಲ್ಲುದಾರಿಯಲ್ಲಿ ಬಾಗಿದ ಕಡ್ಡಿಯ ಚಕ್ರವನ್ನು ಊರಿನಲ್ಲೇ ನೇರ ಮಾಡಿಸಬಹುದು. ಬಿರುಕುಬಿಟ್ಟ ಎರಕದ ಚಕ್ರವನ್ನು ನಂಬುವಂತಿಲ್ಲ.

ಆದರೂ ಚಕ್ರ ಹಗುರವಾಗಿರಬೇಕೆಂಬ ಆಸೆಗೆ ಕಾರಣವಿದೆ. ಅದನ್ನು ಅಡಿಕೆತೋಟದ ದೋಟಿಯೇ ಕಲಿಸುತ್ತದೆ. ಅರುವತ್ತು ಅಡಿಯ ಮರದಿಂದ ಕೊನೆ ಇಳಿಸುವಾಗ ದೋಟಿಯ ಬುಡದ ಭಾರ ಅಷ್ಟಾಗಿ ಕಾಡದು. ತುದಿಯ ಒಂದು ಕಿಲೋ ಭಾರ ಭುಜವನ್ನೇ ಮುರಿಯುತ್ತದೆ. ಮರ ಏರುವವರು ವಿರಳರಾದಂತೆ ಕಾರ್ಬನ್ ನಾರಿನ ದೋಟಿ ತೋಟಗಳಿಗೆ ಬಂದುದು ಈ ಕಾರಣದಿಂದಲೇ. ವಾಹನದಲ್ಲಿಯೂ ಹಾಗೆಯೇ: ಸ್ಪ್ರಿಂಗಿನ ಮೇಲಿನ ಭಾರವನ್ನು ಸ್ಪ್ರಿಂಗು ಸಂತೈಸುತ್ತದೆ, ಕೆಳಗಿರುವ ಚಕ್ರದ ಭಾರ ಪ್ರತಿ ಹೊಂಡದಲ್ಲಿ ಕುಟ್ಟುತ್ತದೆ. ಎಷ್ಟು ಹಗುರ ಎಂಬುದಕ್ಕಿಂತ ಎಲ್ಲಿ ಹಗುರ ಎಂಬುದೇ ಮುಖ್ಯ.

ದೋಟಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಕಾರ್ಬನ್ ನಾರಿನಲ್ಲಿ ವಿದ್ಯುತ್ತು ಹರಿಯುತ್ತದೆ. ತಂತಿಯ ಬಳಿ ಅದನ್ನು ಎತ್ತುವುದು ಪ್ರಾಣಕ್ಕೆ ಎರವಾಗಬಲ್ಲುದು. ಪ್ರತಿಯೊಂದು ಹಗುರ ವಸ್ತುವಿಗೂ ತನ್ನದೇ ಆದ ಒಂದು ದೋಷವುಂಟು, ಅದನ್ನು ಅರಿತೇ ಬಳಸಬೇಕು.

ಮೆಗ್ನೀಸಿಯಂನ ದೋಷಗಳು ಎರಡು. ಒಂದನೆಯದು ತುಕ್ಕಿನಂಥ ಸವೆತ. ಉಕ್ಕಿನ ಬೋಲ್ಟಿಗೆ ತಗುಲಿಕೊಂಡಿರುವಲ್ಲಿ ತೇವವೂ ಉಪ್ಪಿನಂಶವೂ ಸೇರಿದರೆ ಅದು ಬೇಗನೆ ಕರಗಿಹೋಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಎರಡನೆಯದು ಬೆಂಕಿ. ಶಾಲೆಯಲ್ಲಿ ಮೆಗ್ನೀಸಿಯಂ ಪಟ್ಟಿ ಬೆಳ್ಳನೆ ಉರಿದುದನ್ನು ಯಾರು ಮರೆತಾರು? 1955ರ ಜೂನ್ 11ರಂದು ಫ್ರಾನ್ಸಿನ ಲೆಮಾನ್ಸ್ ಪಂದ್ಯದಲ್ಲಿ ಮೆಗ್ನೀಸಿಯಂ ಮಿಶ್ರಲೋಹದ ಮೈಯಿದ್ದ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ಬದಿಗೆ ಹಾರಿ ಎಂಬತ್ತಕ್ಕೂ ಹೆಚ್ಚು ಜನ ಅಸುನೀಗಿದರು. ಹೆಚ್ಚಿನವರ ಪ್ರಾಣ ತೆಗೆದುದು ಸಿಡಿದುಬಂದ ಬಿಡಿಭಾಗಗಳು. ಆದರೆ ಕಾರಿನ ಬೆಂಕಿಗೆ ನೀರು ಸುರಿದಷ್ಟೂ ಉರಿ ಹೆಚ್ಚಿತು. ಉರಿಯುವ ಮೆಗ್ನೀಸಿಯಂ ನೀರನ್ನೇ ಒಡೆದು ಜಲಜನಕವನ್ನು ಹೊರಗೆಡಹುತ್ತದೆ.

ಹಾಗೆಂದು ಲೋಹವನ್ನು ದೂರತಳ್ಳಬೇಕಾಗಿಲ್ಲ. ದಪ್ಪನಾದ ತುಂಡಿಗೆ ಬೆಂಕಿ ಹತ್ತುವುದು ಸುಲಭವಲ್ಲ. ಉಷ್ಣತೆ ಮೈಯೆಲ್ಲ ಹರಡಿಹೋಗುತ್ತದೆ. 2003ರ ತನಕ ತಯಾರಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನಿನ ಕವಚವೇ ಈ ಮಿಶ್ರಲೋಹದ್ದಾಗಿತ್ತು. ಇಂದು ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರದ ಒಳಚೌಕಟ್ಟು, ಡ್ಯಾಷ್‌ಬೋರ್ಡಿನ ಹಿಂದಿನ ತೊಲೆ ಮೊದಲಾದ ಕಡೆ, ಮಳೆ ತಾಗದ ಜಾಗದಲ್ಲಿ, ಅದು ಸದ್ದಿಲ್ಲದೆ ಕುಳಿತಿದೆ. ಚಕ್ರದಲ್ಲಿ ಲೋಹವಿಲ್ಲದ ಹೆಸರು. ಕಾರಿನ ಒಳಗೆ ಹೆಸರಿಲ್ಲದ ಲೋಹ!

ಅಪಾಯವಿರುವುದು ಈ ಹೆಸರಿಲ್ಲದ ಲೋಹದಲ್ಲಿಯೇ. ಪುಡಿಯಾದ, ಸಿಪ್ಪೆಯಾದ ಮೆಗ್ನೀಸಿಯಂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಪೇಟೆಯ ಸಣ್ಣ ಗ್ಯಾರೇಜಿನ ಹುಡುಗನಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡೂ ಒಂದೇ ಬಣ್ಣ. ಒಡೆದ ಭಾಗವೊಂದನ್ನು ಆತ ಗ್ರೈಂಡರಿಗೆ ಹಿಡಿಯುತ್ತಾನೆ. ಬೆಂಕಿ ಎದ್ದರೆ ಕೈ ಬಕೆಟಿನ ನೀರಿನ ಕಡೆಗೇ ಹೋಗುತ್ತದೆ. ಮಳೆನಾಡಿನ ಕೈಗೆ ನೀರಲ್ಲದೆ ಮತ್ತೇನು ನೆನಪಾದೀತು?

ಹೊಸ ವಾಹನ ಮನೆಗೆ ಬರುವಾಗ ಬೆಲೆ, ಬಣ್ಣ, ಮೈಲೇಜುಗಳನ್ನು ವಿಚಾರಿಸುವಂತೆ, ಎಲ್ಲಿ ಯಾವ ಲೋಹವಿದೆ, ಮುರಿದರೆ ರಿಪೇರಿ ಮಾಡಬಹುದೋ ಬದಲಿಸಬೇಕೋ ಎಂಬುದನ್ನೂ ವಿಚಾರಿಸುವುದು ಲೇಸು. ಗ್ಯಾರೇಜಿನ ಗ್ರೈಂಡರಿನ ಬಳಿ ಚೆನ್ನಾಗಿ ಒಣಗಿದ ಮರಳಿನ ಡಬ್ಬವೊಂದನ್ನು ಮುಚ್ಚಿಟ್ಟಿದ್ದರೆ ಮತ್ತೂ ಲೇಸು. ಅದಕ್ಕೆ ತಗಲುವ ಖರ್ಚು ಹಗುರ. ಉಳಿಸುವ ಜೀವದ ತೂಕ ಹಗುರವಲ್ಲ.