ಕಾಕಾನ ಟಿಪ್ಪರ್

ಇಪ್ಪತ್ತೆಂಟು ವರ್ಷದ ಗಂಡಸು ರಾತ್ರಿ ಹನ್ನೊಂದಕ್ಕೆ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಲಾರಿ ಜೋಡಿಸ್ತಾನೆ ಅಂದ್ರೆ ನಗು ಬರುತ್ತೆ. ನಕ್ಕುಬಿಡಿ, ಪರವಾಗಿಲ್ಲ. ಆಫೀಸಿನವರೆಲ್ಲ ನಕ್ಕು ಮುಗಿಸಿದ್ದಾರೆ. ನಮ್ಮವ್ವ ಮಾತ್ರ ಇನ್ನೂ ನಗುತ್ತಿಲ್ಲ, ಅವಳಿಗೆ ನನ್ನ ಮದುವೆಯ ಚಿಂತೆ :)

ನಾನು ಜೋಡಿಸುವುದು ಲೆಗೋ ಟೆಕ್ನಿಕ್. 1977ರಲ್ಲಿ ಶುರುವಾದ ಸಾಲು ಇದು. ಮನೆ, ಗೊಂಬೆ ಕಟ್ಟುವ ಇಟ್ಟಿಗೆಗಳಲ್ಲ. ತೂತುಗಳಿರುವ ಪಟ್ಟಿಗಳು, ಪಿನ್ನುಗಳು, ಹಲ್ಲಿನ ಚಕ್ರಗಳು. ಎಲ್ಲ ತೂತುಗಳ ನಡುವೆಯೂ ಎಂಟು ಮಿಲಿಮೀಟರ್, ಅಷ್ಟೇ ಅದರ ಶಿಸ್ತು. ಡಬ್ಬಿಯ ಮೇಲಿನ ಚಿತ್ರ ನೋಡಿ ಜೋಡಿಸುವುದು ನನಗೆ ಬೇಗ ಬೇಜಾರಾಯಿತು. ಮೊದಲು ಕಪ್ಪತಗುಡ್ಡದ ಗಾಳಿಯಂತ್ರಗಳ ನೆನಪಿನಲ್ಲಿ ಒಂದು ಕ್ರೇನ್ ಮಾಡಹೋದೆ. ತೋಳು ಉದ್ದವಾದಷ್ಟೂ ಹಿಂದೆ ಭಾರ ಇಡಬೇಕು, ಭಾರ ಇಟ್ಟಷ್ಟೂ ತಿರುಗುವ ಬುಡ ವಾಲುತ್ತದೆ. ಮೂರು ತಿಂಗಳು ಒದ್ದಾಡಿ ಬಿಟ್ಟೆ. ಅದರ ಕಥೆ ಇನ್ನೊಮ್ಮೆ ಹೇಳ್ತೀನಿ.

ಆಮೇಲೆ ಹೊಳೆದದ್ದು ಕಾಕಾನ ಟಿಪ್ಪರ್.

ನಮ್ಮೂರು ಗದಗ ಹತ್ತಿರದ ನಾಗಾವಿ. ಈಗ ಊರ ಹೆಸರು ಹೇಳಿದ್ರೆ ಜನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಇರೋ ಊರಲ್ವಾ ಅಂತಾರೆ. 2016ರಲ್ಲಿ ಶುರುವಾದದ್ದು ಅದು. ಕಾಕಾನ ಬಳಿ ಆಗ ಸೆಕೆಂಡ್ ಹ್ಯಾಂಡ್ ಟಾಟಾ 1613 ಇತ್ತು. ಖಡಿ, ಉಸುಕು, ಗರಸು, ಏನು ಸಿಕ್ಕರೆ ಅದನ್ನು ಹೊಡೆಯುತ್ತಿದ್ದ. 2020ರಲ್ಲಿ ಗಾಡಿ ಮಾರಿದ. ಲಾಕ್‌ಡೌನಿನಲ್ಲಿ ಕಂತು ಕಟ್ಟಲಾಗಲಿಲ್ಲ ಅಂತ ನಮಗೆಲ್ಲ ಹೇಳಿದ್ದ, ನಾವೂ ನಂಬಿದ್ದೆವು. ಆಮೇಲೆ ಸ್ಟೇರಿಂಗ್ ಮುಟ್ಟಲೇ ಇಲ್ಲ.

ಮಾದರಿಯ ಅಳತೆಯನ್ನು ತೀರ್ಮಾನಿಸುವುದು ಟೈರು. ಬೇರೆ ಎಲ್ಲವನ್ನೂ ನಾವು ಕಟ್ಟಬಹುದು, ಟೈರನ್ನು ಕಂಪನಿ ಕೊಟ್ಟಷ್ಟೇ ದೊಡ್ಡದಾಗಿ ತೊಗೊಬೇಕು. ನನ್ನ ಹತ್ತಿರ ಇದ್ದದ್ದು 62.4 ಮಿಲಿಮೀಟರಿನವು ನಾಲ್ಕು. ನಿಜವಾದ ಲಾರಿ ಟೈರು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಭಾಗಿಸಿದರೆ ಹತ್ತಿರಹತ್ತಿರ ಹದಿನೇಳನೇ ಒಂದು ಪಾಲು. ಗಾಡಿಯ ಅಗಲ ಹದಿನೇಳು ತೂತು ಇಟ್ಟುಕೊಂಡೆ. ಹದಿನೆಂಟೂ ಆಗುತ್ತಿತ್ತು, ಆದರೆ ಬೆಸ ಸಂಖ್ಯೆ ಇದ್ದರೆ ನಟ್ಟನಡುವೆ ಒಂದು ತೂತು ಸಿಗುತ್ತದೆ, ಅದರಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಹಾಯಿಸಬಹುದು. ಓಡಿಸಲು ಒಂದು ದೊಡ್ಡ ಮೋಟಾರು, ಬಾಡಿ ಎತ್ತಲು ಒಂದು ಸಣ್ಣದು. ಎರಡೂ 2007ರಲ್ಲಿ ಬಂದ ಪವರ್ ಫಂಕ್ಷನ್ಸ್ ಕಾಲದವು. ಕಂಪನಿ ಈಗ ಅವನ್ನು ಮಾಡುವುದಿಲ್ಲ, ನನ್ನವೂ ಹಳೆಯವೇ. ಆರು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನು ಕ್ಯಾಬಿನ್ನಿನ ಹಿಂದೆ ಆದಷ್ಟು ತಗ್ಗಿನಲ್ಲಿ ಕೂರಿಸಿದೆ.

ಜಾಕಿನ ಬದಲಿಗೆ ಇರುವುದು ಲೀನಿಯರ್ ಆಕ್ಚುಯೇಟರ್. ಒಳಗೆ ತಿರುಪು ತಿರುಗಿದರೆ ಸರಳು ಹೊರಗೆ ಬರುತ್ತದೆ, ಆದರೆ ಬರುವುದು ಬರೀ 40 ಮಿಲಿಮೀಟರ್. ಅಷ್ಟರಲ್ಲೇ ಬಾಡಿ ಪೂರ್ತಿ ಏಳಬೇಕೆಂದರೆ ಅದನ್ನು ಹಿಂದಿನ ಕೀಲಿನ ಹತ್ತಿರ ಸಿಗಿಸಬೇಕು. ಹತ್ತಿರ ಹೋದಷ್ಟೂ ಹೆಚ್ಚು ಏಳುತ್ತದೆ, ಹೆಚ್ಚು ಬಲವನ್ನೂ ಕೇಳುತ್ತದೆ. ನಾನು ಆಸೆಗೆ ಬಿದ್ದು ತೀರಾ ಹತ್ತಿರ ಸಿಗಿಸಿದ್ದೆ. ಬೆಂಗಳೂರಿನ ರೂಮಿನಲ್ಲಿ ನಾಲ್ಕು ಮಾರ್ಕರ್ ಪೆನ್ನು ಹೇರಿ ಎತ್ತಿದಾಗ ಭಲೇ ಚೆನ್ನಾಗಿಯೇ ಎದ್ದಿತ್ತು!

ದೀಪಾವಳಿಗೆ ಊರಿಗೆ ಒಯ್ದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ನಾನು ಸಣ್ಣವನಿದ್ದಾಗ ಇದೇ ಕಟ್ಟೆಯ ಮೇಲೆ ಕೂತು ಜೋಳದ ದಂಟು ಸುಲಿದು ಬಂಡಿ ಮಾಡಿಕೊಡುತ್ತಿದ್ದ. ಒಳಗಿನ ಬೆಂಡು ಮರ, ಮೇಲಿನ ಸಿಪ್ಪೆಯೇ ಮೊಳೆ. ಯೋಚಿಸಿದರೆ ನನ್ನ ಪಟ್ಟಿ-ಪಿನ್ನಿನ ಕೆಲಸವೂ ಅದೇ, ದುಡ್ಡು ಮಾತ್ರ ಜಾಸ್ತಿ.

ಗಾಡಿಯನ್ನು ಎತ್ತಿ ಕೆಳಗಿನಿಂದ ನೋಡಿದ. ಮೇಲಿನಿಂದ ನೋಡಲೇ ಇಲ್ಲ. ನಾನು ಬಾಡಿ ಎತ್ತಿ ತೋರಿಸಿದೆ.

"ಎಂಜಿನ್ ಬಂದ್ ಐತಲ್ಲೋ ತಮ್ಮಾ, ಬಾಡಿ ಹೆಂಗ ಏಳಾಕತ್ತೈತಿ?"

ಖರೇ ಮಾತು. ನಿಜವಾದ ಟಿಪ್ಪರಿನಲ್ಲಿ ಬಾಡಿಗೆ ಬೇರೆ ಎಂಜಿನ್ ಇಲ್ಲ. ಗೇರ್‌ಬಾಕ್ಸಿನ ಪಕ್ಕದಿಂದ ಪಿಟಿಒ ಎಂದು ಒಂದು ಕವಲು ತೆಗೆದು ಎಣ್ಣೆಯ ಪಂಪು ತಿರುಗಿಸುತ್ತಾರೆ, ಆ ಎಣ್ಣೆಯ ಒತ್ತಡಕ್ಕೆ ಜಾಕ್ ಏಳುತ್ತದೆ. ಇಷ್ಟು ದಿನ ಕೂತು ಲೆಕ್ಕ ಹಾಕಿದವನಿಗೆ ಇದು ಹೊಳೆದಿರಲಿಲ್ಲ. ನಾನು ಎಂಜಿನಿಯರ್ ಬೇರೆ.

ಕಾಕು ಒಳಗಿನಿಂದ ಜೋಳ ತಂದಳು. ಹತ್ತು ಟನ್ ಖಡಿ ನನ್ನ ಅಳತೆಯಲ್ಲಿ ಎಷ್ಟಾಗುತ್ತದೆ ಅಂತ ಕಾಕಾ ಕೇಳಿದ. ಉದ್ದ, ಅಗಲ, ಎತ್ತರ ಮೂರೂ ಹದಿನೇಳು ಪಟ್ಟು ಇಳಿಯುವುದರಿಂದ ತೂಕ 4913 ಪಟ್ಟು ಇಳಿಯುತ್ತದೆ, ಎರಡು ಕಿಲೋ ಅಂದೆ. "ಹಂಗಾರ ತುಂಬು." ಬಾಡಿ ತುಂಬಿ ತುಳುಕಿದರೂ ಎರಡು ಕಿಲೋ ಹಿಡಿಯಲಿಲ್ಲ. ಗುಂಡಿ ಒತ್ತಿದೆ. ಒಂದು ಬೆರಳಿನಷ್ಟು ಎದ್ದು, ಒಳಗಿನ ಕ್ಲಚ್ಚು ಟಕ್ ಟಕ್ ಟಕ್ ಅಂತ ಜಾರತೊಡಗಿತು.

"ಓವರ್‌ಲೋಡ್!" ಅಂತ ಕಾಕಾ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಅರ್ಧ ಜೋಳ ತೆಗೆದು ಮತ್ತೆ ಎತ್ತಿದೆ. ಎದ್ದಿತು, ಜೋಳ ಸರಸರ ಜಾರಿತು. ಕಾಕಾ ತಲೆ ಅಲ್ಲಾಡಿಸಿದ. "ಜ್ವಾಳ ಜಾರತೈತಿ. ಹಸಿ ಗರಸು ಜಾರಂಗಿಲ್ಲ." ತನ್ನ ಚಪ್ಪಲಿ ತೆಗೆದು ಎಡಗಡೆಯ ಚಕ್ರಗಳ ಕೆಳಗೆ ಇಟ್ಟ. ಮತ್ತೆ ಜೋಳ ಸುರಿದು, ಅದು ಜಾರದಂತೆ ಅಂಗೈ ಒತ್ತಿ ಹಿಡಿದ. "ಈಗ ಎತ್ತು."

ಎತ್ತಿದೆ. ಬಾಡಿ ಮೇಲೇರಿದಂತೆ ಗಾಡಿ ನಡುಗಿತು. ಭಾರ ಮೇಲೆ ಹೋದಾಗ ಸಣ್ಣ ವಾಲು ಕೂಡ ಅದನ್ನು ಚಕ್ರದ ಗೆರೆಯಾಚೆಗೆ ತಳ್ಳುತ್ತದೆ. ಕಾಕಾ ಕೈ ಬಿಟ್ಟ ಕೂಡಲೇ ಟಿಪ್ಪರ್ ಬಲಕ್ಕೆ ಮಗುಚಿತು. ಕ್ಯಾಬಿನ್ನಿನ ಬಾಗಿಲು ಕಳಚಿ ಕಟ್ಟೆ ಕೆಳಗೆ ಹೋಯಿತು.

"ಹಿಂಗ ಆತು," ಅಂದ.

ಮಳೆಗಾಲ, ಹೊಸದಾಗಿ ತುಂಬಿದ ಮಣ್ಣು, ಒಂದು ಗಾಲಿ ಕುಸಿದಿದೆ. ಗರಸು ಮೇಲ್ಗಡೆ ಅಂಟಿಕೊಂಡಿದೆ. ಕೆಳಗೆ ಹಿಂಬಾಗಿಲ ಕೊಂಡಿ ಬಿಚ್ಚಲು ಬಂದ ಹುಡುಗ ಬಲಗಡೆಯೇ ನಿಂತಿದ್ದಾನೆ. "ಅಂವ ಜಿಗದ. ಜಿಗೀಲಿಲ್ಲಂದ್ರ..." ಅಂತ ಅಷ್ಟಕ್ಕೇ ನಿಲ್ಲಿಸಿದ. ಹುಡುಗನಿಗೆ ಏನೂ ಆಗಲಿಲ್ಲ. ಮಾರನೇ ದಿನ ಕೆಲಸಕ್ಕೂ ಬಂದನಂತೆ. ಬರದೇ ಇದ್ದವನು ಕಾಕಾ. ಕಂತು ಬರೀ ನೆಪ.

ಕಾಕು ಬಾಗಿಲಲ್ಲಿ ನಿಂತಿದ್ದಳು. ಐದು ವರ್ಷ ಅವಳಿಗೂ ಹೇಳಿರಲಿಲ್ಲ. ಅವಳು ಏನೂ ಕೇಳಲಿಲ್ಲ. ಕೂತು ಚೆಲ್ಲಿದ ಜೋಳ ಬಳಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಕಾಕಾನೂ ಬಗ್ಗಿ ಒಂದೊಂದೇ ಕಾಳು ಆರಿಸಿದ. ನಾನು ಬಾಗಿಲು ಹುಡುಕುವ ನೆಪದಲ್ಲಿ ಕಟ್ಟೆ ಕೆಳಗೆ ಇಳಿದೆ.

ಬೆಂಗಳೂರಿಗೆ ಬಂದ ಮೇಲೆ ಇಡೀ ಚಾಸಿ ಬಿಚ್ಚಿದೆ. ಈಗ ಮೋಟಾರು ಒಂದೇ. ನಡುವೆ ಒಂದು ಡ್ರೈವಿಂಗ್ ರಿಂಗ್. ಆ ಕಡೆ ಸರಿಸಿದರೆ ಗಾಡಿ ಓಡುತ್ತದೆ, ಈ ಕಡೆ ಸರಿಸಿದರೆ ಬಾಡಿ ಏಳುತ್ತದೆ, ಥೇಟ್ ಪಿಟಿಒ ಹಾಗೆ. ಆಕ್ಚುಯೇಟರ್ ಎರಡು ಹಾಕಿ, ಕೀಲಿನಿಂದ ಮೂರು ತೂತು ಮುಂದೆ ಸರಿಸಿದ್ದೇನೆ. ಬಾಡಿ ಮೊದಲಿನಷ್ಟು ಎತ್ತರ ಏಳುವುದಿಲ್ಲ, ಆದರೆ ಒಂದು ಕಿಲೋ ಅಕ್ಕಿ ಎತ್ತಿತು.

ಮೊನ್ನೆ ಕಾಕಾ ತಾನೇ ಫೋನ್ ಮಾಡಿದ. ಅವನು ಫೋನ್ ಮಾಡುವವನೇ ಅಲ್ಲ. ಕ್ಷೇಮ ಗಿಮ ಏನೂ ಕೇಳಲಿಲ್ಲ.

"ಹಿಂದ ಒಂದೊಂದ ಗಾಲಿ ಹಾಕೀಯಲ್ಲೋ. 1613ಕ್ಕ ಹಿಂದ ಜೋಡಿ ಇರತಾವು. ಅದಕ್ಕ ಅದು ಲಗೂನ ಬಿತ್ತು."

ಟೈರು ಇನ್ನೆರಡು ಆರ್ಡರ್ ಮಾಡಿದ್ದೇನೆ. ಬುಧವಾರ ಬರುತ್ತವಂತೆ.