ಹತ್ತು ಮೀಟರಿನ ಪಾಠ

ನನ್ನ ಆರನೆಯ ಪಾಠದ ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕ ಗುರುಗಳು ಹೀಗೆ ಬರೆದಿದ್ದರು: "ವಿಷಯಜ್ಞಾನ ಚೆನ್ನಾಗಿದೆ. ಕಪ್ಪುಹಲಗೆಯ ಬಳಕೆ ಅಚ್ಚುಕಟ್ಟು. ಆದರೆ 40 ನಿಮಿಷದಲ್ಲಿ ಒಮ್ಮೆಯೂ ಹಿಂದಿನ ಸಾಲಿನವರೆಗೆ ಹೋಗಲಿಲ್ಲ. ಪದೇ ಪದೇ ಕೈಗಡಿಯಾರ ನೋಡುತ್ತಾರೆ." ಮೊದಲೆರಡು ಮಾತಿನಿಂದ ಆದ ಖುಷಿ ಉಳಿದೆರಡನ್ನು ಓದುವಷ್ಟರಲ್ಲಿ ಇಳಿದುಹೋಯಿತು. ಅವರು ಬರೆದದ್ದು ನಿಜ. ಕಾರಣ ಮಾತ್ರ ಹಾಳೆಯಲ್ಲಿರಲಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಸುರಪುರದಲ್ಲಿ, ಕಾಲೇಜು ಯಾದಗಿರಿಯಲ್ಲಿ, ಅಭ್ಯಾಸ ಬೋಧನೆಗೆ ಸಿಕ್ಕ ಶಾಲೆ ಶಹಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಆ ತಿಂಗಳು ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳ ಗಂಡ ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕಿದ್ದಾರೆ, ಕೆಲಸ ಬಿಟ್ಟು ಬಂದರೆ ಅಂದಿನ ಪಗಾರ ಇಲ್ಲ. ಮನೆಯಲ್ಲಿ ಅವ್ವ ಒಬ್ಬಳೇ, ಅವಳಿಗೆ ಬಂದ ಫೋನ್ ಎತ್ತಲು ಬರುತ್ತದೆ, ಮಾಡಲು ಬರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ 108ಕ್ಕೆ ಯಾರು ಫೋನ್ ಮಾಡುವವರು ಎಂಬುದೇ ನಮ್ಮೆಲ್ಲರ ಚಿಂತೆ. ಶಾಲೆಯಲ್ಲೋ ತರಗತಿಗೆ ಫೋನ್ ಒಯ್ಯುವಂತಿಲ್ಲ, ಮುಖ್ಯ ಗುರುಗಳ ಕೋಣೆಯ ಅಲಮಾರಿಯಲ್ಲಿ ಸದ್ದು ಅಡಗಿಸಿ ಇಡಬೇಕು. ಇದನ್ನು ಕೇಳಿದ ಮಾಮ ಬೆಂಗಳೂರಿನಿಂದ ಒಂದು ಸ್ಮಾರ್ಟ್‌ವಾಚ್ ಕಳಿಸಿದರು. "ಫೋನ್ ಎಲ್ಲೇ ಇರ್ಲಿ, ನಿನ್ ಕೈಯಾಗ ಗೊತ್ತಾಗ್ತದ" ಎಂದರು.

ಮೊದಲ ವಾರ ಅದೊಂದು ಆಟಿಕೆ. ಬೆಳಿಗ್ಗೆ ಹತ್ತಿಗೂಡೂರು ದಾಟಿ ಬರುವ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತರೆ, ನಿಂತಲ್ಲೇ ನಾನು ನಡೆದೆ ಎಂದು ಹೆಜ್ಜೆ ಕೂಡಿಸುತ್ತಿತ್ತು. ಒಳಗಿನ ಚಲನಮಾಪಕಕ್ಕೆ ಕೈಯ ಅಲುಗಾಟವೇ ಹೆಜ್ಜೆ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧ ಕಾಣಿಸುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ನೂರಾರು ಹೆಜ್ಜೆ ಜಮಾ ಆಗಿರುತ್ತಿದ್ದವು. ಸಹಪಾಠಿಗಳಿಗೆ ತೋರಿಸಿ ನಕ್ಕಿದ್ದೂ ಉಂಟು.

ತೊಂದರೆ ಶುರುವಾದದ್ದು ತರಗತಿಯಲ್ಲಿ. ವಾಚಿಗೂ ಫೋನಿಗೂ ಇರುವ ನಂಟು ಬ್ಲೂಟೂತ್. ಬಯಲಲ್ಲಾದರೆ ಸುಮಾರು ಹತ್ತು ಮೀಟರ್ ಸಲೀಸು, ನಡುವೆ ಗೋಡೆ ಬಂದರೆ ಅಷ್ಟೂ ಇಲ್ಲ. ನಮ್ಮ ಏಳನೆಯ ತರಗತಿಯ ಕೋಣೆ ಮುಖ್ಯ ಗುರುಗಳ ಕೋಣೆಗೆ ಹೊಂದಿಕೊಂಡಿದೆ. ಕಪ್ಪುಹಲಗೆಯ ಬಳಿ ನಿಂತರೆ ಸಂಪರ್ಕ ಇರುತ್ತಿತ್ತು. ನಾಲ್ಕನೆಯ ಸಾಲು ದಾಟಿದರೆ ಮಣಿಕಟ್ಟಿನಲ್ಲಿ ಒಮ್ಮೆ ಗುರ್ ಎಂದು ಕಡಿದುಹೋಗುತ್ತಿತ್ತು. ಎರಡು ದಿನದಲ್ಲಿ ನನ್ನ ಕಾಲಿಗೇ ಆ ಗಡಿ ಗೊತ್ತಾಯಿತು. ಪಾಠ ಯೋಜನೆಯಲ್ಲಿ 'ಗುಂಪುಗಳ ಬಳಿ ಹೋಗಿ ವೀಕ್ಷಿಸುವುದು' ಎಂದು ಬರೆದುಕೊಂಡು, ಹಲಗೆಯ ಬಳಿಯಿಂದಲೇ "ಹಿಂದಿನವರು ಬರೆದ್ರೇನು?" ಎಂದು ಕೂಗುತ್ತಿದ್ದೆ.

ಆ ಆರನೆಯ ಪಾಠ ಆಮ್ಲ ಮತ್ತು ಪ್ರತ್ಯಾಮ್ಲ. ಮಕ್ಕಳು ಅರಿಶಿನ ಹಚ್ಚಿದ ಕಾಗದದ ಮೇಲೆ ಸಾಬೂನು ನೀರಿನ ಹನಿ ಹಾಕಿ ಅದು ಕೆಂಪಾಗುವುದನ್ನು ನೋಡುತ್ತಿದ್ದರು. ಆಗ ಕೈ ನಡುಗಿತು. ನೋಡಿದರೆ ಅಕ್ಕನ ಹೆಸರು ಇಂಗ್ಲಿಷಿನಲ್ಲಿ, ಕೆಳಗೆ ಸಾಲಾಗಿ ಖಾಲಿ ಚೌಕಗಳು. ಅಕ್ಕ ಫೋನಿಗೆ ಬಾಯಲ್ಲಿ ಹೇಳಿ ಕನ್ನಡದಲ್ಲೇ ಸಂದೇಶ ಕಳಿಸುವವಳು. ನನ್ನ ವಾಚಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ, ಇಂಥ ಕಡಿಮೆ ಬೆಲೆಯ ಎಷ್ಟೋ ವಾಚುಗಳ ಹಣೆಬರಹ ಇದು. ಸುದ್ದಿ ಬಂದಿದೆ, ಏನೆಂದು ತಿಳಿಯದು. ಎದುರಿಗೆ ಮಾರ್ಗದರ್ಶಕರು ಕೂತಿದ್ದಾರೆ. ಪಾಠ ಮುಗಿಯಲು ಇನ್ನೂ 25 ನಿಮಿಷ. ನೋವು ಬಂದಿದ್ದರೆ ಫೋನೇ ಮಾಡುತ್ತಿದ್ದಳು ಎಂದು ಒಂದು ಮನಸ್ಸು, ಫೋನ್ ಮಾಡಲೂ ಆಗದ ಸ್ಥಿತಿಯಿದ್ದರೆ ಎಂದು ಇನ್ನೊಂದು. ಆಮೇಲೆ ನಾನು ಏನು ಬೋಧಿಸಿದೆನೋ ನನಗೆ ನೆನಪಿಲ್ಲ. ಗಂಟೆ ಹೊಡೆದ ಕೂಡಲೇ ಓಡಿ ಹೋಗಿ ಅಲಮಾರಿ ತೆಗೆದೆ. "ಬರುವಾಗ ಪುಂಡಿಪಲ್ಯ ತಗೊಂಡು ಬಾ, ಹುಳಿ ತಿನಬೇಕು ಅನಸಲಿಕತ್ತದ" ಎಂದಿತ್ತು.

ನಗಬೇಕಿತ್ತು. ಆದರೆ ತರಗತಿಗೆ ಡಸ್ಟರ್ ತರಲು ಹಿಂತಿರುಗಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸರ, ನಮಗ ಕಲಸ್ಲಾಕ ನಿಮಗ ಬ್ಯಾಸರ ಆಗ್ಯಾದೇನ್ರಿ?"

"ಯಾಕವ್ವ?"

"ಗಳಿಗಿಗೊಮ್ಮೆ ಗಡಿಯಾರ ನೋಡ್ಲಾಕತ್ತಿದ್ರಿ. ನಮ್ಮ ಕಡಿ ಅಂತೂ ನೀವು ಬರೂದೇ ಇಲ್ಲ."

ಮಾರ್ಗದರ್ಶಕರ ಟಿಪ್ಪಣಿಗಿಂತ ಇದು ಹೆಚ್ಚು ನಾಟಿತು. ಎದುರಿಗಿದ್ದವರು ಗಡಿಯಾರ ನೋಡಿದರೆ ನಾವೆಲ್ಲ ಅದನ್ನು ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತೇವೆ: ಇವರಿಗೆ ಹೋಗಬೇಕಾಗಿದೆ. ವಾಚಿನಲ್ಲಿ ನಾನು ಹೊತ್ತು ನೋಡುತ್ತಿಲ್ಲ, ಅಕ್ಕನನ್ನು ಹುಡುಕುತ್ತಿದ್ದೇನೆ ಎಂಬುದು ಆ ಹುಡುಗಿಗೆ ಹೇಗೆ ತಿಳಿಯಬೇಕು? ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, "ಹಂಗಾದ್ರ ಹೆಡ್‌ಸರಗ ಹೇಳ್ರಿ" ಎಂದಳು. ಇದು ನನಗೆ ಯಾಕೆ ಹೊಳೆದಿರಲಿಲ್ಲವೋ! ಹೇಳಿದೆ. ಅವರು ಫೋನನ್ನು ಅಲಮಾರಿಯಿಂದ ತೆಗೆಸಿ, ಸದ್ದು ಹೆಚ್ಚಿಸಿ ತಮ್ಮ ಮೇಜಿನ ಮೇಲೆ ಇಡಿಸಿದರು. "ಇಷ್ಟ ದಿನ ಯಾಕ ಮುಚ್ಚಿಟ್ರಿ?" ಎಂದರು, ಅಷ್ಟೇ.

ವಾಚನ್ನು ಎಸೆಯಲಿಲ್ಲ. ಮುಂದಿನ ವಾರ ರಕ್ತಪರಿಚಲನೆಯ ಪಾಠಕ್ಕೆ ಅದನ್ನೇ ಬೋಧನೋಪಕರಣ ಮಾಡಿಕೊಂಡೆ. ಅದರ ಬೆನ್ನಿಗೆ ಹಸಿರು ದೀಪವಿದೆ. ಕೆಂಪು ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿಗೆ ರಕ್ತ ಹೆಚ್ಚು ನುಗ್ಗಿ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ವಾಚು ಎಣಿಸುವುದು. ಮಕ್ಕಳು ಮೂರು ಬೆರಳಿಟ್ಟು ಎಣಿಸಿದರು, ಪಕ್ಕದಲ್ಲಿ ವಾಚು ಎಣಿಸಿತು. ಎರಡು ಮೂರು ಮಿಡಿತದ ಅಂತರ ಬಂದಾಗ ಯಾರದು ತಪ್ಪು ಎಂದು ಜಗಳವೇ ಆಯಿತು. ಮೈದಾನ ಎರಡು ಸುತ್ತು ಓಡಿ ಬಂದವನದು 86ರಿಂದ 130ಕ್ಕೆ ಏರಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಿಸಿಯೂಟದ ಆಯಿ ತನ್ನ ಕೈಯನ್ನೂ ಚಾಚಿದಳು. ಕಟ್ಟಿದೆ. ವಾಚು ಹಸಿರಾಗಿ ಮಿನುಗಿತು, ಮಿನುಗಿತು, ಏನೂ ತೋರಿಸಲಿಲ್ಲ. "ಆಯಿಗಿ ನಾಡೀನೇ ಇಲ್ರಿ ಸರ!" ಎಂದು ಗದ್ದಲವೋ ಗದ್ದಲ. "ನಾ ಗಟ್ಟಿ ಅದೀನಿ, ನಿಮ್ ಸರನ ಗಡಿಯಾರಕ್ಕ ಜ್ವರ ಬಂದಾವ" ಎಂದಳು ಆಯಿ. ಬಿಚ್ಚಿ ನೋಡಿದರೆ, ಮಣಿಕಟ್ಟಿನ ತುಂಬ ಹಳೆಯ ಹಚ್ಚೆ. ಹಚ್ಚೆಯ ಬಣ್ಣ ಬೆಳಕನ್ನು ತಡೆದರೆ ವಾಚು ಕುರುಡಾಗುತ್ತದೆ. ಇದು ನನ್ನ ಪಾಠ ಯೋಜನೆಯಲ್ಲಿರಲಿಲ್ಲ. ಹಿಂದಿನ ಸಾಲಿನ ಅದೇ ಹುಡುಗಿ ಎದ್ದು ಬಂದು, ಹಚ್ಚೆಯ ಮೇಲೆಯೇ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ಎಣಿಸಿದಳು. 78. ನಾನು ವಾಚಿನಲ್ಲಿ ಬರೀ ಸೆಕೆಂಡು ನೋಡಿದೆ.

ಇನ್ನು ಆ ಫೋನು. ಅದು ಶಾಲೆಯಲ್ಲಿ ಬರಲೇ ಇಲ್ಲ. ಒಂದು ರಾತ್ರಿ ಎರಡೂವರೆಗೆ ಅವ್ವ ಭುಜ ಹಿಡಿದು ಅಲುಗಿಸಿ ಎಬ್ಬಿಸಿದಳು. ವಾಚು ಗೂಡಿನಲ್ಲಿ ಚಾರ್ಜಿಗಿತ್ತು. 108ಕ್ಕೆ ಫೋನ್ ಮಾಡಿದೆ, ಬೆಳಗಾಗುವುದರೊಳಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು.

ಎರಡು ದಿನ ರಜೆ ಹಾಕಿ ಶಾಲೆಗೆ ಹೋದಾಗ ಮಕ್ಕಳ ಮೊದಲ ಪ್ರಶ್ನೆ, "ಕೂಸಿನ ನಾಡಿ ಎಷ್ಟ್ ಅದ್ರಿ ಸರ?" ನೋಡಿಕೊಂಡು ಬಂದಿರಲಿಲ್ಲ. ಮರುದಿನ ಹೇಳುತ್ತೇನೆಂದೆ. ಸಂಜೆ ನರ್ಸ್ ಒಬ್ಬರನ್ನು ಕೇಳಿದೆ. ಎಳೆ ಕೂಸಿಗೆ ಮಣಿಕಟ್ಟಿನಲ್ಲಿ ಸಿಗುವುದಿಲ್ಲ, ತೋಳಿನ ಒಳಬದಿಯಲ್ಲಿ ನೋಡಬೇಕು ಎಂದು ತೋರಿಸಿಕೊಟ್ಟರು. ವಾಚು ನೋಡಿಕೊಂಡು ಅರ್ಧ ನಿಮಿಷ ಎಣಿಸಿದೆ, 68 ಬಂತು.

ಮರುದಿನ ನಾಲ್ಕನೆಯ ಸಾಲು ದಾಟಿ ಹಿಂದೆ ಹೋಗಿ ನಿಂತು, ಅವರಿಂದಲೇ ಎರಡರಿಂದ ಗುಣಿಸಿ ಹಲಗೆಯ ಮೇಲೆ ಬರೆಸಿದೆ: 136. ಓಡಿ ಬಂದವನಿಗಿಂತ ಹೆಚ್ಚು. ತರಗತಿ ಒಂದು ಕ್ಷಣ ಸುಮ್ಮನಾಯಿತು.

"ಕೂಸು ಓಡಿ ಬಂದದೇನ್ರಿ ಸರ?" ಎಂದಳು ಹಿಂದಿನ ಸಾಲಿನವಳು.